ನಾತದ ಮಾತು

ಕಣ್ಣು ಕಂಡದ್ದನ್ನು ವರ್ಣಿಸಲು ನಮ್ಮಲ್ಲಿ ನೂರಾರು ಪದಗಳಿವೆ. ಕಿವಿ ಕೇಳಿದ್ದನ್ನು ಹೇಳುವುದಕ್ಕೂ ಪದಗಳ ಕೊರತೆಯಿಲ್ಲ. ಮೂಗು ತಿಳಿದದ್ದನ್ನು ಹೇಳುವಾಗ ಮಾತ್ರ ನಾವು ಬಹುಬೇಗನೆ ತೀರ್ಪಿಗೆ ಇಳಿಯುತ್ತೇವೆ. ಹಿಡಿಸಿದರೆ ಪರಿಮಳವೆನ್ನುತ್ತೇವೆ, ಹಿಡಿಸದಿದ್ದರೆ ನಾತವೆನ್ನುತ್ತೇವೆ. ಈ ತೀರ್ಪು ವಸ್ತುಗಳ ಮೇಲಷ್ಟೇ ನಿಲ್ಲದೆ ಮನುಷ್ಯರ ಮೇಲೂ ಬೀಳುವುದುಂಟು. ಆದುದರಿಂದ ಕೆಟ್ಟ ವಾಸನೆಯನ್ನು ಸೂಚಿಸುವ ಪದಗಳು ಎಲ್ಲಿಂದ ಬಂದವು, ಅವುಗಳನ್ನು ಹೇಗೆ ಬಳಸಬೇಕು ಎಂಬುದನ್ನು ವಿಚಾರ ಮಾಡುವುದು ಅಗತ್ಯ.

ಇಂಗ್ಲಿಷಿನಲ್ಲಿ ದುರ್ಗಂಧಕ್ಕೆ ‘ಸ್ಟೆಂಚ್’ ಎಂಬ ಪದವಿದೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ‘ವಾಸನೆ’ ಎಂದಷ್ಟೇ ಅರ್ಥವಿತ್ತು. ಇಂಪಾದ ಗಂಧವನ್ನೂ ಆ ಪದದಿಂದಲೇ ಹೇಳುತ್ತಿದ್ದರು. ಕಾಲಕ್ರಮದಲ್ಲಿ ಒಳ್ಳೆಯ ಅರ್ಥ ಅಳಿದು ಕೆಟ್ಟ ಅರ್ಥವೊಂದೇ ಉಳಿಯಿತು. ನಮ್ಮ ‘ನಾತ’ದ ಕಥೆಯೂ ಇದಕ್ಕೆ ಸಮೀಪವಾದುದೇ. ನಾತಕ್ಕೆ ಮೂಲವಾದ ‘ನಾರು’ ಎಂಬ ಧಾತುವಿನ ಬಳಗಕ್ಕೆ ಸೇರಿದ ಹಳಗನ್ನಡದ ಪದ ‘ನರುಗಂಪು’. ಅದರ ಅರ್ಥ ಸುಗಂಧ. ತಮಿಳಿನ ‘ನಾಟ್ರಂ’ ಎಂಬ ಪದಕ್ಕೆ ಪ್ರಾಚೀನ ಕಾವ್ಯಗಳಲ್ಲಿ ಹೂವಿನ ಪರಿಮಳವೆಂಬ ಅರ್ಥವಿದೆ. ಇಂದಿನ ಆಡುಮಾತಿನಲ್ಲಿ ಅದು ದುರ್ಗಂಧ. ಸಂಸ್ಕೃತದಿಂದ ಬಂದ ‘ವಾಸನೆ’ಗೆ ಸ್ವತಃ ಒಳಿತು ಕೆಡುಕುಗಳ ಭೇದವಿಲ್ಲ. ಆದರೂ ‘ಇಲ್ಲೇನೋ ವಾಸನೆ’ ಎಂದೊಡನೆ ಕೇಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ!

ಪದಗಳು ಹೀಗೇಕೆ ಕೆಡುತ್ತವೆ? ಸಭ್ಯರಾದವರು ಒರಟು ಪದವನ್ನು ಬಿಟ್ಟು ಮೆದುವಾದ ಇನ್ನೊಂದನ್ನು ಆರಿಸಿಕೊಳ್ಳುತ್ತಾರೆ. ಕೆಲವು ಕಾಲದ ಬಳಿಕ ಆ ಮೆದು ಪದಕ್ಕೂ ಹಳೆಯ ಕಳಂಕವೇ ಅಂಟಿಕೊಳ್ಳುತ್ತದೆ. ಪದವು ಹುಟ್ಟುವಾಗ ನಿರ್ಮಲವಾಗಿಯೇ ಇತ್ತು; ಅದಕ್ಕೆ ಮಸಿ ಬಳಿದುದು ನಮ್ಮ ತಿರಸ್ಕಾರ.

ತಿರಸ್ಕಾರವಿಲ್ಲದೆಯೂ ವಾಸನೆಯನ್ನು ಹೇಳಬಹುದೆಂಬುದನ್ನು ನಮ್ಮ ರೈತರಿಂದ ಕಲಿಯಬೇಕು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯನ್ನು ನೆಚ್ಚಿಕೊಂಡು ರಾಗಿ, ಕಡಲೆಕಾಯಿ, ಅವರೆಗಳನ್ನು ಬೆಳೆಯುವ ಬಯಲುಸೀಮೆ. ಇಂತಹ ನಾಡಿನ ಮನೆಗಳಲ್ಲಿ ‘ಕೆಟ್ಟ ವಾಸನೆ’ ಎಂದಷ್ಟೇ ಹೇಳಿದರೆ ಸಾಲದು. ತೇವಕ್ಕೆ ಸಿಕ್ಕಿದ ಧಾನ್ಯಕ್ಕೆ ಮುಗ್ಗಲು, ಹಳೆಯ ಎಣ್ಣೆಗೆ ಕಮಟು, ರಾತ್ರಿ ಉಳಿದ ಸಾರಿಗೆ ಹಳಸಲು, ತಳ ಹಿಡಿದ ಅನ್ನಕ್ಕೆ ಸೀದ ವಾಸನೆ. ಅವರೆಕಾಯಿಯ ಕಟುವಾದ ವಾಸನೆಯಂತೂ ‘ಸೊಗಡು’ ಎನಿಸಿಕೊಂಡು ಜನರ ಪ್ರೀತಿಯನ್ನೇ ಗಳಿಸಿದೆ. ಒಂದೊಂದು ಪದವೂ ವಸ್ತುವಿಗೆ ಏನಾಗಿದೆ, ಮುಂದೆ ಏನು ಮಾಡಬೇಕು ಎಂಬುದನ್ನು ತಿಳಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದ ಉಂಟಾದ ವಿಷವಿತ್ತೆಂದು ವಿಜ್ಞಾನಿಗಳು ಕಂಡುಹಿಡಿದು, ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಮುಗ್ಗಲು ಹಿಡಿದ ಕಡಲೆಕಾಯಿಯನ್ನು ಎಸೆಯುವ ಅಜ್ಜಿಗೆ ಈ ಹೆಸರು ತಿಳಿಯದು. ಆದರೆ ‘ಮುಗ್ಗಲು’ ಎಂಬ ಪದವೇ ಆಕೆಯ ಮನೆಯನ್ನು ಕಾಯುತ್ತದೆ.

ಹಾಗೆಂದು ಮೂಗನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಲಾಗದು. ‘ಮಲೇರಿಯಾ’ ಎಂಬ ಇಟಲಿಯ ಪದದ ಮೂಲಾರ್ಥ ಕೆಟ್ಟ ಗಾಳಿ. ಜೌಗಿನ ದುರ್ಗಂಧವೇ ಜ್ವರವನ್ನು ತರುತ್ತದೆಂದು ಜನ ಶತಮಾನಗಳ ಕಾಲ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಪರಾವಲಂಬಿಯನ್ನು ಕಂಡ ಮೇಲೆ ಗಾಳಿಯ ಮೇಲಿನ ಆರೋಪ ಬಿದ್ದುಹೋಯಿತು. ಇತ್ತ ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡಿಗೆ ವಾಸನೆಯೇ ಇಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಲೆ ಬೀಳುತ್ತದೆ, ಮೂಳೆಗಳು ಕೆಡುತ್ತವೆ. ನಾರದ ನೀರೂ ಹೀಗೆ ಕೇಡು ಮಾಡಬಲ್ಲದು. ನಾರುವ ವಸ್ತುವೂ ಪ್ರಾಣವನ್ನು ಉಳಿಸಬಲ್ಲದು: ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಅದಕ್ಕೆ ಬೇಕೆಂದೇ ಬೆರೆಸುತ್ತಾರೆ.

ಇದರಿಂದ ದುರ್ಗಂಧವು ಒಂದು ಸೂಚನೆ ಮಾತ್ರ ಎಂಬುದು ಸ್ಪಷ್ಟವಾಗುತ್ತದೆ. ಅದನ್ನು ಮನುಷ್ಯನ ಯೋಗ್ಯತೆಯ ಅಳತೆಗೋಲನ್ನಾಗಿ ಮಾಡಿಕೊಂಡುದು ನಮ್ಮ ಸಮಾಜದ ದೊಡ್ಡ ಅನ್ಯಾಯ. ಚರ್ಮ ಹದ ಮಾಡುವವರು, ಕುರಿ ಸಾಕುವವರು, ಚರಂಡಿ ಬಳಿಯುವವರು ಉಳಿದವರ ಬದುಕನ್ನು ಹಸನು ಮಾಡಿದರು. ಅವರಿಗೆ ದೊರೆತುದು ಮೂಗು ಮುರಿಯುವ ನೋಟ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಚರಂಡಿಯ ಗುಂಡಿಯಲ್ಲಿ ಹೆಚ್ಚಾದಾಗ ವಾಸನೆ ತಿಳಿಯುವ ಶಕ್ತಿಯನ್ನೇ ಮೊದಲು ಕೊಲ್ಲುತ್ತದೆ, ಬಳಿಕ ಮನುಷ್ಯನನ್ನು. ಮಲದ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಆದರೂ ಇಂತಹ ಸಾವುಗಳು ನಿಂತಿಲ್ಲ. ಕಾಯಿದೆ ಕೈಯನ್ನು ತಡೆಯಬಲ್ಲದು. ನಾಲಗೆಯನ್ನು ತಿದ್ದಿಕೊಳ್ಳಬೇಕಾದವರು ನಾವೇ.

ತರಗತಿಯಲ್ಲಿ ಒಬ್ಬನ ಪಕ್ಕದಲ್ಲಿ ಕೂರಲು ಇನ್ನೊಬ್ಬ ಹಿಂಜರಿಯುವಾಗ, ‘ನಾತ’ ಎಂಬ ಪದ ಗೆಳೆಯನೊಬ್ಬನ ಅಡ್ಡಹೆಸರಾಗುವಾಗ, ಆ ಹಳೆಯ ಅನ್ಯಾಯವೇ ಹೊಸ ಬಾಯಿಂದ ಮಾತನಾಡುತ್ತದೆ. ಧಾನ್ಯ ಮುಗ್ಗಿದ್ದರೆ ಮುಗ್ಗಲು ಎನ್ನೋಣ, ಎಣ್ಣೆ ಕೆಟ್ಟಿದ್ದರೆ ಕಮಟು ಎನ್ನೋಣ, ಚರಂಡಿ ನಾರಿದರೆ ಅದನ್ನು ಶುಚಿಗೊಳಿಸುವ ಯಂತ್ರಕ್ಕಾಗಿ ಒತ್ತಾಯಿಸೋಣ. ದುಡಿದು ಬಂದ ಮನುಷ್ಯನನ್ನು ಮಾತ್ರ ಅವನ ಹೆಸರಿನಿಂದಲೇ ಕರೆಯೋಣ.