ದಾನದ ಹೆಸರಿನಲ್ಲಿ ಬಾಕಿ ಉಳಿದ ಕೂಲಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧ. ಇವುಗಳಲ್ಲಿ ಯಾವುದನ್ನೇ ಕೊಡುವ ಶ್ರಾವಕನಲ್ಲಿ ಇರಬೇಕಾದ ಗುಣಗಳನ್ನು ಎಣಿಸುವಾಗ ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಐಹಿಕ ಫಲದ ಅಪೇಕ್ಷೆಯಿಲ್ಲದಿರುವುದನ್ನೂ ನಿಷ್ಕಪಟತೆಯನ್ನೂ ಸೇರಿಸಿದ್ದಾರೆ. ಕೊಟ್ಟದ್ದಕ್ಕೆ ಪ್ರತಿಯಾಗಿ ದುಡಿಮೆಯನ್ನು ಬಯಸಿದೊಡನೆ ಅದು ದಾನವಾಗಿ ಉಳಿಯದು, ವೇತನವಾಗುತ್ತದೆ. ವೇತನ ಕೊಡುವುದರಲ್ಲಿ ದೋಷವೇನೂ ಇಲ್ಲ. ವ್ಯಾಪಾರ ನಡೆಸುವ ಗೃಹಸ್ಥನಿಗೆ ಅದು ನಿತ್ಯದ ಕರ್ತವ್ಯ. ವೇತನವನ್ನು ದಾನವೆಂದು ಕರೆದು, ದಾನವೆಂಬ ಕಾರಣಕ್ಕೇ ಅದರ ತೂಕವನ್ನು ಇಳಿಸುವುದು ದೋಷ. ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾಪಟುಗಳ ವಿಷಯದಲ್ಲಿ ಸುಮಾರು ಏಳು ದಶಕಗಳ ಕಾಲ ನಡೆಸಿಕೊಂಡು ಬಂದದ್ದು ಇದನ್ನೇ.

ಸ್ಕಾಲರ್‌ಶಿಪ್ಪಿಗೆ ಕನ್ನಡದಲ್ಲಿ ವಿದ್ಯಾರ್ಥಿವೇತನವೆಂದು ಹೆಸರು. ವೇತನವೆಂಬುದು ಆ ಪದದೊಳಗೇ ಕುಳಿತಿದೆ. ವಕೀಲರ ಪಡೆಯನ್ನೇ ಇಟ್ಟುಕೊಂಡು ಅಲ್ಲಿನ ಕ್ರೀಡಾಸಂಸ್ಥೆಗಳು ಮರೆಮಾಚಲು ಹೆಣಗಿದ ಸಂಗತಿಯನ್ನು ಕನ್ನಡಿಗರು ದಿನವೂ ಬಾಯಲ್ಲಿ ಆಡುತ್ತಿದ್ದಾರೆ.

ದೂರದೇಶದ ಈ ವಿವಾದ ಜೈನ ಕುಟುಂಬಗಳಿಗೆ ಏಕೆ ಎಂದು ಕೇಳುವವರಿರಬಹುದು. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ ‘ಜೈನಾ’ 1981ರಲ್ಲೇ ಸ್ಥಾಪನೆಯಾಗಿದೆ. ಅಲ್ಲಿ ನೆಲೆಸಿದವರ ಮಕ್ಕಳೂ ಇಲ್ಲಿಂದ ಉನ್ನತ ವ್ಯಾಸಂಗಕ್ಕೆ ತೆರಳುವ ಮಕ್ಕಳೂ ಇದೇ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಅನೇಕ ವಿಶ್ವವಿದ್ಯಾಲಯಗಳು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಕ್ರೀಡಾಶುಲ್ಕವನ್ನು ವಸೂಲು ಮಾಡುತ್ತವೆ. ತಾವು ಕಟ್ಟಿದ ಹಣ ಯಾವ ವ್ಯವಸ್ಥೆಗೆ ಸಲ್ಲುತ್ತಿದೆ ಎಂಬುದನ್ನು ತಿಳಿಯುವುದು ನ್ಯಾಯೋಪಾತ್ತ ಧನದಲ್ಲಿ ನಂಬಿಕೆಯಿಟ್ಟ ಮನೆತನಗಳಿಗೆ ಹೊರಗಿನ ವಿಷಯವಾಗದು.

ಕಾಲೇಜು ಫುಟ್‌ಬಾಲಿನಲ್ಲಿ ಸಾವುನೋವುಗಳು ಹೆಚ್ಚಿ, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಮಧ್ಯೆ ಪ್ರವೇಶಿಸಬೇಕಾಯಿತು. ಅದರ ಫಲವಾಗಿ 1906ರಲ್ಲಿ ಹುಟ್ಟಿದ ಸಂಘವೇ ಇಂದಿನ ಎನ್‌ಸಿಎಎ. ಆಟಗಾರರ ರಕ್ಷಣೆಗೆ ಹುಟ್ಟಿದ ಸಂಸ್ಥೆ ಮುಂದೆ ಆಟಗಾರರಿಗೆ ಹಣ ಸೇರದಂತೆ ಕಾಯುವ ಸಂಸ್ಥೆಯಾಯಿತು. 1955ರಲ್ಲಿ ಕೊಲರಾಡೋ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಆಡುತ್ತಿದ್ದ ತರುಣನೊಬ್ಬ ತಲೆಗೆ ಪೆಟ್ಟು ಬಿದ್ದು ಮೃತನಾದ. ಅವನ ವಿಧವೆ ಕಾರ್ಮಿಕ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲಿನ ವ್ಯಾಪಾರ ನಡೆಸುತ್ತಿಲ್ಲ, ಆತ ನೌಕರನೂ ಅಲ್ಲ ಎಂದು 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇಂತಹ ಪರಿಹಾರದ ಬೇಡಿಕೆಗಳಿಗೆ ಹೆದರಿಯೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ರೂಪಿಸಿ ನಿಯಮಗಳಲ್ಲೆಲ್ಲ ತುಂಬಿಸಿದುದಾಗಿ 1951ರಿಂದ 1988ರವರೆಗೆ ಆ ಸಂಸ್ಥೆಯನ್ನು ನಡೆಸಿದ ವಾಲ್ಟರ್ ಬಯರ್ಸ್ ಅವರೇ 1995ರ ತಮ್ಮ ಗ್ರಂಥದಲ್ಲಿ ಬರೆದರು. ಹೊಣೆಯಿಂದ ತಪ್ಪಿಸಿಕೊಳ್ಳಲು ಒಂದು ಹೆಸರನ್ನು ಕಟ್ಟುವುದು ಸತ್ಯಾಣುವ್ರತದ ಯಾವ ತಕ್ಕಡಿಯಲ್ಲಿ ನಿಂತೀತು?

ಇನ್ನು ಲೆಕ್ಕವನ್ನು ನೋಡಬೇಕು. 1956ರಲ್ಲಿ ಅಧಿಕೃತವಾದ ಕ್ರೀಡಾ ವಿದ್ಯಾರ್ಥಿವೇತನದಲ್ಲಿ ಬೋಧನಾಶುಲ್ಕ, ವಸತಿ, ಊಟ, ಪುಸ್ತಕಗಳು ಸೇರಿದ್ದವು. 2015ರಿಂದ ದೊಡ್ಡ ವಿಶ್ವವಿದ್ಯಾಲಯಗಳು ಇತರ ಖರ್ಚಿಗೂ ಸ್ವಲ್ಪ ಹಣ ಕೊಡತೊಡಗಿದವು. ಇದು ಜಮೆಯ ಪುಟ. ಇದಕ್ಕೆ ಪ್ರತಿಯಾಗಿ ಪಡೆದುದೇನು? ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಪಂದ್ಯದ ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ ಆಟಕ್ಕಾಗಿಯೇ ವ್ಯಯಿಸುತ್ತಾರೆಂದು 2014ರಲ್ಲಿ ಕಾರ್ಮಿಕ ಸಂಬಂಧ ಮಂಡಳಿಯ ಷಿಕಾಗೋ ಪ್ರಾಂತಾಧಿಕಾರಿ ಕಂಡುಕೊಂಡರು. ವಾರಕ್ಕೆ 20 ಗಂಟೆಯ ಮಿತಿಯ ನಿಯಮ ಕಾಗದದ ಮೇಲಿತ್ತು! ಆಟಗಾರರು ನೌಕರರೇ ಎಂದು ಆ ಅಧಿಕಾರಿ ಹೇಳಿದರೂ, 2015ರಲ್ಲಿ ಮೇಲಿನ ಮಂಡಳಿಯು ವಿಷಯವನ್ನು ನಿರ್ಣಯಿಸದೆಯೇ ಕೈತೊಳೆದುಕೊಂಡಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಉಮಾಸ್ವಾಮಿಗಳು ಎಣಿಸಿದ್ದಾರೆ. ಎತ್ತಿನ ಬೆನ್ನಿಗೆ ಅದು ತಾಳಲಾರದ ಹೇರನ್ನು ಹೇರಬಾರದು, ದುಡಿಯುವ ಜೀವಿಯ ಮೇವನ್ನು ತಡೆಯಬಾರದು. ಪಶುವಿಗೇ ಈ ನಿಯಮವಿರುವಾಗ ಇಪ್ಪತ್ತರ ತರುಣನಿಗೆ ಅದು ಅನ್ವಯಿಸದೆ? 2014ರಲ್ಲಿ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ತಂಡದ ಮುಂಚೂಣಿಯ ಆಟಗಾರನು ತಾನು ಕೆಲವು ರಾತ್ರಿ ಹಸಿದೇ ಮಲಗುವುದುಂಟೆಂದು ಬಹಿರಂಗವಾಗಿ ಹೇಳಿದ ಮೇಲೆ, ಅದೇ ತಿಂಗಳಲ್ಲಿ ಊಟದ ಮೇಲಿನ ಮಿತಿಯನ್ನು ತೆಗೆಯಲಾಯಿತು. ಅದುವರೆಗೆ ಅನ್ನಕ್ಕೂ ಮಿತಿಯಿತ್ತೆಂಬುದನ್ನು ಗಮನಿಸಬೇಕು. ಆ ಪಂದ್ಯಾವಳಿಯ ದೂರದರ್ಶನ ಪ್ರಸಾರಕ್ಕಾಗಿ 2010ರಲ್ಲೇ ಹದಿನಾಲ್ಕು ವರ್ಷಗಳಿಗೆ 1,080 ಕೋಟಿ ಡಾಲರಿನ ಒಪ್ಪಂದವಾಗಿತ್ತು.

ಈ ವಾದಕ್ಕೆ ಪ್ರತಿವಾದಗಳುಂಟು. ಅನೇಕಾಂತವನ್ನು ಒಪ್ಪಿದವರು ಅವುಗಳನ್ನೂ ತೂಗಿ ನೋಡಬೇಕು.

ವಿದ್ಯೆಗಿಂತ ದೊಡ್ಡ ಧನವುಂಟೆ, ಅದನ್ನು ಪಡೆದವನು ಮತ್ತೇನು ಕೇಳುವುದು ಎಂಬುದು ಮೊದಲನೆಯದು. ವಿದ್ಯೆ ಶ್ರೇಷ್ಠವೆಂಬುದು ನಿರ್ವಿವಾದ. ಅದನ್ನು ನಿಜವಾಗಿ ಕೊಡಲಾಗಿದೆಯೆ ಎಂಬುದು ಪ್ರಶ್ನೆ. ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷಗಳ ಕಾಲ ಹೆಸರಿಗಷ್ಟೇ ನಡೆದ ತರಗತಿಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ದಾಖಲಾಗಿದ್ದರೆಂದೂ, ಅವರಲ್ಲಿ ಅರ್ಧದಷ್ಟು ಕ್ರೀಡಾಪಟುಗಳೆಂದೂ 2014ರ ತನಿಖಾ ವರದಿ ಬಯಲು ಮಾಡಿತು. ಪಾಠವಿಲ್ಲದ ತರಗತಿಗೆ ಅಂಕ ಕೊಟ್ಟು ಅದನ್ನು ಕೂಲಿಯ ಖಾತೆಗೆ ಬರೆಯುವುದು ಅಸ್ತೇಯವ್ರತದ ಅತಿಚಾರಗಳಲ್ಲಿ ಒಂದಾದ ಪ್ರತಿರೂಪಕ ವ್ಯವಹಾರ. ಅಸಲಿನ ಬೆಲೆಗೆ ನಕಲಿಯನ್ನು ಮಾರುವ ಕೆಲಸ. ಎಲ್ಲ ವಿಶ್ವವಿದ್ಯಾಲಯಗಳೂ ಹೀಗೆಂದು ಹೇಳಲಾಗದು. ಆದರೆ ವಾರದಲ್ಲಿ ಐವತ್ತು ಗಂಟೆ ಮೈದಾನದಲ್ಲಿ ಕಳೆಯುವವನಿಗೆ ವಿದ್ಯೆಯ ಬಾಗಿಲು ಎಷ್ಟು ತೆರೆದಿರುತ್ತದೆಂಬುದನ್ನು ಮಕ್ಕಳನ್ನು ಓದಿಸಿದ ಯಾವ ತಂದೆತಾಯಿಯಾದರೂ ಊಹಿಸಬಲ್ಲರು.

ಎರಡನೆಯದು ಕೇಳಲು ಹೆಚ್ಚು ಇಂಪಾದುದು. ಹಣವಿಲ್ಲದ ಆಟ ಪವಿತ್ರ, ಹಣ ಸೇರಿದರೆ ಮಲಿನ. ಆಟಗಾರನಿಗೆ ಅಪರಿಗ್ರಹವೇ ಭೂಷಣ ಎಂಬ ವಾದ. ಜೈನ ಓದುಗರು ಇದಕ್ಕೆ ತಲೆದೂಗುವ ಸಂಭವವಿದೆ. ಆದರೆ ವ್ರತವು ಸ್ವತಃ ಸ್ವೀಕರಿಸಬೇಕಾದುದು. ಶ್ರಾವಕನು ಗುರುಸಾಕ್ಷಿಯಾಗಿ ತನ್ನ ಪರಿಗ್ರಹಕ್ಕೆ ತಾನೇ ಪರಿಮಾಣ ಹಾಕಿಕೊಳ್ಳುತ್ತಾನೆ. ನೆರೆಮನೆಯವನ ಪೆಟ್ಟಿಗೆಗೆ ಬೀಗ ಹಾಕಿ ಅಪರಿಗ್ರಹವೆಂದು ಹೇಳಿಕೊಳ್ಳುವುದಿಲ್ಲ. ಹಣ ಮಲಿನವಾದರೆ ಅದು ತರಬೇತುದಾರನ ಕೈಯಲ್ಲೂ ಮಲಿನವೇ. ಅಲಬಾಮಾ ವಿಶ್ವವಿದ್ಯಾಲಯದ ಪ್ರಸಿದ್ಧ ತರಬೇತುದಾರ ನಿಕ್ ಸೇಬನ್ ಅವರ ವಾರ್ಷಿಕ ವೇತನ 2023ರಲ್ಲಿ 1.1 ಕೋಟಿ ಡಾಲರನ್ನು ದಾಟಿತ್ತು. ಅದೇ ವರ್ಷದ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ತನ್ನ ತರಬೇತುದಾರನನ್ನು ಅವಧಿಗೆ ಮೊದಲೇ ಬಿಡುಗಡೆ ಮಾಡಿ, ಕೆಲಸ ಮಾಡದಿರುವುದಕ್ಕಾಗಿ 7.5 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ತೆರಲು ಒಪ್ಪಿತು. ಮಾಡದ ಕೆಲಸಕ್ಕೆ ಕೋಟಿಗಳನ್ನು ಕೊಡುವ ಸಂಸ್ಥೆ, ಮಾಡಿದ ಕೆಲಸಕ್ಕೆ ಪಾವಿತ್ರ್ಯದ ಪಾಠ ಹೇಳುವುದು ಯಾವ ನೀತಿ?

ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಇವೆರಡರಿಂದ ಮಾತ್ರ ಆದಾಯ. ಅದರಿಂದಲೇ ಈಜು, ಓಟ, ಮಹಿಳೆಯರ ಆಟಗಳು ಬದುಕಬೇಕು ಎಂಬುದು ಮೂರನೆಯ ವಾದ. ಇದರಲ್ಲಿ ಹುರುಳಿದೆ. ಬಹಳಷ್ಟು ವಿಶ್ವವಿದ್ಯಾಲಯಗಳ ಕ್ರೀಡಾ ಇಲಾಖೆಗಳು ನಷ್ಟದಲ್ಲೇ ನಡೆಯುತ್ತವೆ; ಮಹಿಳೆಯರಿಗೆ ಸಮಾನ ಅವಕಾಶ ಕೊಡಬೇಕೆಂದು 1972ರ ಕಾನೂನು ವಿಧಿಸಿದೆ. ಆದರೆ ಈಜುಗಾರನಿಗೆ ನೆರವಾಗುವ ಧರ್ಮ ವಿಶ್ವವಿದ್ಯಾಲಯದ್ದು, ಫುಟ್‌ಬಾಲ್ ಆಟಗಾರನದಲ್ಲ. ಅಂಗಡಿಯ ಆಳಿನ ಸಂಬಳವನ್ನು ಹಿಡಿದಿಟ್ಟು ಬಸದಿಗೆ ಕಾಣಿಕೆ ಕೊಟ್ಟ ಯಜಮಾನನಿಗೆ ಪುಣ್ಯ ಬರುವುದೆಂದು ಯಾವ ಶ್ರಾವಕಾಚಾರ ಗ್ರಂಥವೂ ಹೇಳಿಲ್ಲ. ಮೊದಲು ಋಣ, ಅನಂತರ ದಾನ. ಕೂಲಿ ತೀರಿಸಿದ ಮೇಲೆ ಹಣ ಸಾಲದಾದರೆ, ಕಡಿತವು ಕೋಟಿ ಡಾಲರಿನ ಸಂಬಳಗಳಿಂದ ಆರಂಭವಾಗಲಿ.

ಹಣ ಕೊಟ್ಟರೆ ಜೂಜು ಮತ್ತು ಭ್ರಷ್ಟತೆ ನುಗ್ಗುತ್ತವೆ ಎಂಬುದು ನಾಲ್ಕನೆಯದು. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಅದರ ಭಯ ಸಹಜ. ಆದರೆ ನ್ಯೂಯಾರ್ಕಿನ ಸಿಟಿ ಕಾಲೇಜಿನ ಆಟಗಾರರು ಜೂಜುಕೋರರಿಂದ ಹಣ ಪಡೆದು ಅಂಕಗಳನ್ನು ಏರುಪೇರು ಮಾಡಿದ ಹಗರಣ ಹೊರಬಿದ್ದುದು 1951ರಲ್ಲಿ, ಆಟಗಾರರಿಗೆ ಸಂಬಳವೆಂಬುದೇ ಇಲ್ಲದ ಕಾಲದಲ್ಲಿ. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಅಭಿಮಾನಿ ಧನಿಕರು ಗುಪ್ತನಿಧಿಯಿಂದ ಆಟಗಾರರಿಗೆ ಹಣ ಹಂಚಿದ ಕಾರಣ 1987ರ ಅದರ ಫುಟ್‌ಬಾಲ್ ಋತುವನ್ನೇ ರದ್ದುಪಡಿಸಲಾಯಿತು. ಸಲ್ಲಬೇಕಾದ ಹಣಕ್ಕೆ ಮುಂಬಾಗಿಲು ಮುಚ್ಚಿದರೆ ಅದು ಹಿತ್ತಿಲಿನಿಂದ ಬರುತ್ತದೆ. ಎರಡು ಲೆಕ್ಕಪುಸ್ತಕಗಳನ್ನು ಇಡುವ ವ್ಯಾಪಾರದ ಗತಿಯನ್ನು ವರ್ತಕ ಸಮಾಜಕ್ಕೆ ವಿವರಿಸಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಕಟ್ಟೆ ಒಡೆದಿದೆ. 2021ರ ಜೂನ್ 21ರಂದು ‘ಆಲ್‌ಸ್ಟನ್’ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತು, ಶಿಕ್ಷಣಕ್ಕೆ ಸಂಬಂಧಿಸಿದ ಸವಲತ್ತುಗಳ ಮೇಲಿನ ಮಿತಿಯನ್ನು ಅಮಾನ್ಯಗೊಳಿಸಿದರು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸಲು ಅನುಮತಿ ದೊರೆಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಒಪ್ಪಿದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. 2025-26ನೆಯ ಸಾಲಿನಲ್ಲಿ ಪ್ರತಿ ವಿಶ್ವವಿದ್ಯಾಲಯವೂ ಸುಮಾರು 2.05 ಕೋಟಿ ಡಾಲರಿನವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಇಷ್ಟಾದ ಮೇಲೆ ವಾದ ಮುಗಿಯಿತೆಂದು ತಿಳಿಯುವವರು ಹಣವನ್ನು ಮಾತ್ರ ನೋಡಿ ಲೆಕ್ಕದ ಶೀರ್ಷಿಕೆಯನ್ನು ನೋಡಲಿಲ್ಲ.

ಆಟಕ್ಕೆ ಕೊಟ್ಟ ಹಣವನ್ನು ಇಂದಿಗೂ ಆಟದ ಕೂಲಿಯೆಂದು ಬರೆಯುತ್ತಿಲ್ಲ. ಹೆಸರಿನ, ಚಿತ್ರದ ಬಳಕೆಗೆ ಕೊಟ್ಟದ್ದೆಂದು ಬರೆಯುತ್ತಾರೆ. ಇದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಯಲ್ಲದೆ ಬೇರೆಯಲ್ಲ. ಶೀರ್ಷಿಕೆಯ ಮೇಲೆ ಹಟವೇಕೆಂದರೆ, ನೌಕರನೆಂದು ಒಪ್ಪಿದರೆ ಗಾಯಕ್ಕೆ ಪರಿಹಾರ, ಸಂಘ ಕಟ್ಟುವ ಹಕ್ಕು, ಕೆಲಸದ ಅವಧಿಯ ಮಿತಿ ಇವೆಲ್ಲ ಬರುತ್ತವೆ. ಈಗಿರುವ ಹಂಚಿಕೆಯ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲಿನ ಪ್ರತಿಭಾವಂತರಿಗೆ ಸಲ್ಲುತ್ತದೆ. ಹೆಸರು ಬಾರದೆ ಮೊಣಕಾಲು ಮುರಿದುಕೊಂಡ ಸಾಮಾನ್ಯ ಆಟಗಾರನ ರಕ್ಷಣೆ ಶೀರ್ಷಿಕೆಯಲ್ಲಿದೆ.

ಗಾಯದ ಮಾತು ಬಂದ ಮೇಲೆ ಹಿಂಸೆಯ ಪ್ರಶ್ನೆಯನ್ನು ಬಿಡಲಾಗದು. 2017ರಲ್ಲಿ ಪ್ರಕಟವಾದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧನೆಯು ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಪರೀಕ್ಷಿಸಿ, ಕಾಲೇಜು ಮಟ್ಟದವರೆಗೆ ಫುಟ್‌ಬಾಲ್ ಆಡಿದ್ದ 53 ಮಂದಿಯಲ್ಲಿ 48 ಮಂದಿಗೆ ಮರುಮರು ಪೆಟ್ಟಿನಿಂದ ಬರುವ ಮಿದುಳಿನ ಕ್ಷಯವಿತ್ತೆಂದು ತೋರಿಸಿತು. ರೋಗದ ಶಂಕೆಯಿದ್ದ ಕುಟುಂಬಗಳೇ ಹೆಚ್ಚಾಗಿ ಮಿದುಳನ್ನು ಕೊಟ್ಟಿರಬಹುದಾದ್ದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣವನ್ನು ಹೊಂದಿಸುವಂತಿಲ್ಲ. ಆದರೂ ಎಚ್ಚರಿಕೆಗೆ ಅಷ್ಟು ಸಾಕು. ಇಂತಹ ಆಟವನ್ನು ನೋಡಿ ಕೇಕೆ ಹಾಕುವುದು ಉಚಿತವೆ ಎಂಬುದನ್ನು ಅಲ್ಲಿರುವ ಜೈನ ತರುಣರು ಆಲೋಚಿಸಬೇಕು. ಕೂಲಿ ಕೊಟ್ಟ ಮಾತ್ರಕ್ಕೆ ಹಿಂಸೆ ಅಹಿಂಸೆಯಾಗದು. ಆದರೆ ಆಟ ಹಿಂಸಾತ್ಮಕವೆಂಬ ನೆಪದಿಂದ ಕೂಲಿಯನ್ನು ತಡೆದರೆ ಹಿಂಸೆಗೆ ಚೌರ್ಯವೂ ಸೇರುತ್ತದೆ. ಕ್ರೀಡೆಯಿಂದ ಆದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೆ ಎರಡು ವರ್ಷವಾದರೂ ವೈದ್ಯವೆಚ್ಚ ಕೊಡಬೇಕೆಂಬ ನಿಯಮ ಉನ್ನತ ವಿಭಾಗದ ವಿಶ್ವವಿದ್ಯಾಲಯಗಳಿಗೆ ಅನ್ವಯವಾದುದು 2024ರ ಆಗಸ್ಟಿನಲ್ಲಿ. ಮಿದುಳಿನ ಈ ರೋಗ ತಲೆದೋರಲು ದಶಕಗಳೇ ಬೇಕಾಗುತ್ತವೆ; ಎರಡು ವರ್ಷದ ಔಷಧ ಅದಕ್ಕೆ ತಲುಪದು.

ಆದುದರಿಂದ ಕರ್ತವ್ಯ ಸ್ಪಷ್ಟವಾಗಿದೆ. ಹಣ ತರುವ ಆಟಗಾರನನ್ನು ನೌಕರನೆಂದು ಒಪ್ಪಿ ವಿದ್ಯಾರ್ಥಿವೇತನದ ಮೇಲೆ ನ್ಯಾಯವಾದ ಕೂಲಿ ಕೊಡಬೇಕು. ಗಾಯದ ಚಿಕಿತ್ಸೆಯನ್ನು ರೋಗವಿರುವವರೆಗೆ ವಹಿಸಿಕೊಳ್ಳಬೇಕು. ಆಟ ನಿಂತ ಮೇಲೂ ಪದವಿ ಮುಗಿಸುವ ಅವಕಾಶವಿರಬೇಕು. ಅಮೆರಿಕದಲ್ಲಿ ಮಕ್ಕಳನ್ನು ಓದಿಸುವ ಕುಟುಂಬಗಳು ತಾವು ಕಟ್ಟುವ ಕ್ರೀಡಾಶುಲ್ಕದ ಲೆಕ್ಕವನ್ನು ವಿಶ್ವವಿದ್ಯಾಲಯದಿಂದ ಕೇಳಬೇಕು. ಹಣ ಕೊಟ್ಟವನಿಗೆ ಅಷ್ಟು ಅಧಿಕಾರವಿದೆ.

ವಿದ್ಯಾರ್ಥಿವೇತನ ಹಂಚುವ, ವಿದ್ಯಾರ್ಥಿನಿಲಯ ನಡೆಸುವ ಬಸದಿ ಟ್ರಸ್ಟುಗಳಿಗೂ ಇದರಲ್ಲಿ ಕೆಲಸವಿದೆ. ಉಚಿತ ಊಟ ವಸತಿ ಪಡೆದ ಹುಡುಗನಿಂದ ಕಚೇರಿಯ ಬರವಣಿಗೆ, ಉತ್ಸವದ ದುಡಿಮೆ, ಹೊರಗಿನ ಓಡಾಟಗಳನ್ನು ಕಡ್ಡಾಯವಾಗಿ ಮಾಡಿಸಿಕೊಳ್ಳುವುದಿದ್ದರೆ, ಅದಕ್ಕೆ ತಕ್ಕ ಹಣವನ್ನು ಕೂಲಿಯ ಖಾತೆಯಲ್ಲಿ ಬರೆದು ಅವನ ಕೈಗೆ ಕೊಡಬೇಕು. ಏನನ್ನೂ ಮಾಡಿಸಿಕೊಳ್ಳದೆ ಕೊಟ್ಟದ್ದನ್ನು ಮಾತ್ರ ಶಾಸ್ತ್ರದಾನದ ಖಾತೆಯಲ್ಲಿ ಬರೆಯಬೇಕು. ಬರುವ ವಾರ್ಷಿಕ ಲೆಕ್ಕಪರಿಶೋಧನೆಯ ವೇಳೆಗೆ ಟ್ರಸ್ಟಿಗಳು ಈ ಎರಡು ಖಾತೆಗಳನ್ನು ಬೇರ್ಪಡಿಸಿಡಲಿ. ಸಮುದ್ರದಾಚೆಯವರ ಪುಸ್ತಕವನ್ನು ಪ್ರಶ್ನಿಸುವ ಯೋಗ್ಯತೆ ಆಗ ಸಮಾಜಕ್ಕೆ ಬರುತ್ತದೆ.