ನೀರಿನ ಲೆಕ್ಕ ಸರಿ, ರಂಜಕದ ಲೆಕ್ಕ ಎಲ್ಲಿ?

ಎವರ್‌ಗ್ಲೇಡ್ಸ್ ಎಂಬ ಜೌಗುಪ್ರದೇಶದ ಬೃಹತ್ ಜಲಾಶಯದ ಕಾಮಗಾರಿಯಲ್ಲಿ ಹೆಚ್ಚಿನ ಹೊಣೆಯನ್ನು ಫ್ಲಾರಿಡಾ ಸರ್ಕಾರ 2025ರ ಜುಲೈನಲ್ಲಿ ಅಮೆರಿಕ ಸೇನೆಯ ಎಂಜಿನಿಯರುಗಳಿಂದ ತನ್ನ ಕೈಗೆ ತೆಗೆದುಕೊಂಡಿತು. 2034ಕ್ಕೆ ಮುಗಿಯಬೇಕಿದ್ದದ್ದು 2029ಕ್ಕೇ ಮುಗಿಯುತ್ತದಂತೆ. ಅಲ್ಲಿಂದೀಚೆಗೆ ಮಾತೆಲ್ಲ ಎಷ್ಟು ನೀರು, ಎಷ್ಟು ಬೇಗ ಎನ್ನುವುದರ ಸುತ್ತಲೇ. ನೀರು ದಕ್ಷಿಣಕ್ಕೆ ಹರಿದರೆ ಸಾಕು, ಆ ನೆಲದ ಸಸ್ಯಗಳು ತಾವಾಗಿ ಮರಳುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ತಪ್ಪು. ಆ ಜೌಗಿನ ಹಣೆಬರಹ ನಿಂತಿರುವುದು 10 ಎಂಬ ಅಂಕಿಯ ಮೇಲೆ: ಶತಕೋಟಿ ಭಾಗ ನೀರಿಗೆ 10 ಭಾಗ ರಂಜಕ.

ನಮ್ಮ ಗದ್ದೆಯ ಕೊನ್ನಾರಿಯ ಕುಟುಂಬಕ್ಕೆ ಸೇರಿದ ಸಾಗ್ರಾಸ್, ಈ ಜೌಗಿನಲ್ಲಿ ಸಾವಿರಾರು ವರ್ಷ ಮಳೆನೀರನ್ನೇ ನೆಚ್ಚಿ ಬಾಳಿದ ಸಸ್ಯ. ನಿಧಾನವಾಗಿ ಬೆಳೆಯುತ್ತದೆ, ಬೆಂಕಿ ಬಿದ್ದರೂ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ನಡುವಿನ ತೆರೆದ ನೀರಿನಲ್ಲಿ ಪಾಚಿ, ಬ್ಯಾಕ್ಟೀರಿಯಾಗಳು ಸೇರಿ ಸುಣ್ಣಗಟ್ಟಿದ ಪದರವೊಂದು ಹರಡಿರುತ್ತದೆ. ಮೀನು, ಸೀಗಡಿ, ಬಸವನಹುಳುಗಳಿಗೆ ಅದೇ ಅನ್ನದ ತಟ್ಟೆ. ರಂಜಕ 10ರ ಗಡಿ ದಾಟಿ ನಿಂತಿತೆಂದರೆ ಮೊದಲು ಹಾಳಾಗುವುದು ಈ ಪದರ. ಆಮೇಲೆ ಜೊಂಡು ಬರುತ್ತದೆ, ಸಾಗ್ರಾಸ್ ಜಾಗ ಬಿಡುತ್ತದೆ.

ಚರ್ಚೆ ಎಡವುವುದು ಇಲ್ಲೇ. ಜೊಂಡು ಹೊರಗಿನಿಂದ ಬಂದದ್ದಲ್ಲ, ಅದೂ ಎವರ್‌ಗ್ಲೇಡ್ಸ್‌ನದೇ. ಆಸ್ಟ್ರೇಲಿಯಾದಿಂದ ಬಂದು ಹಬ್ಬಿದ ಮೆಲಲೂಕಾ ಮರದ ಮೇಲೆ 1997ರಲ್ಲಿ ಅದರ ತವರಿನ ಮೂತಿಹುಳುವನ್ನೇ ಬಿಟ್ಟರು. ಜೊಂಡಿನ ಮೇಲೆ ಯಾವ ಹುಳು ಬಿಡುತ್ತೀರಿ? ಕಬ್ಬಿನ ಗದ್ದೆಗಳಿಂದ ರಂಜಕ ಹೊತ್ತ ನೀರು ಬಂದು ಬೀಳುವ ಕಡೆ ಅದು ದಟ್ಟ, ಒಳಗೆ ಹೋದಂತೆ ವಿರಳ. ಕೊಳಚೆ ಕುಡಿದ ಬೆಂಗಳೂರಿನ ಕೆರೆಗಳಲ್ಲಿ ಅದರ ದಾಯಾದಿಗಳು ಮೆರೆಯುವುದೂ ಹೀಗೆಯೇ. ಸ್ವದೇಶಿ, ವಿದೇಶಿ ಎಂಬ ಪಟ್ಟಿ ಹಿಡಿದು ಹೊರಟವರಿಗೆ ಇದು ಕಾಣುವುದೇ ಇಲ್ಲ.

ಸಕ್ಕರೆ ಉದ್ಯಮದ ವಾದವೂ ಇದೆ. ಹೊಲಗಳಿಂದ ಹರಿಯುವ ರಂಜಕವನ್ನು ಶೇ 25ರಷ್ಟು ತಗ್ಗಿಸಿ ಎನ್ನುತ್ತದೆ ನಿಯಮ. ದೀರ್ಘಾವಧಿಯ ಸರಾಸರಿ ಇಳಿಕೆ ಶೇ 50ನ್ನೂ ದಾಟಿದೆ. ಒಪ್ಪೋಣ. ಆದರೆ ಸಾಗ್ರಾಸ್‌ಗೆ ಶೇಕಡಾವಾರು ತಿಳಿಯದು. 200 ಇದ್ದದ್ದು 100ಕ್ಕೆ ಇಳಿಯಿತು ಎಂದುಕೊಳ್ಳಿ. ವರದಿಯಲ್ಲಿ ಅದು ಭರ್ಜರಿ ಸಾಧನೆ, ಜೌಗಿನಲ್ಲಿ ಇನ್ನೂ ಹತ್ತು ಪಟ್ಟು ವಿಷ. ಮಿಕ್ಕದ್ದನ್ನು ಹೀರಲೆಂದು ಸರ್ಕಾರ 50 ಸಾವಿರ ಎಕರೆಗೂ ಮೀರಿದ ಶುದ್ಧೀಕರಣ ಜೌಗುಗಳನ್ನು ಕಟ್ಟಿದೆ. ಅಲ್ಲಿ ದುಡಿಯಲು ಹಚ್ಚಿರುವ ಸಸ್ಯಗಳಲ್ಲಿ ಜೊಂಡೂ ಒಂದು! ರಂಜಕ ಎಲ್ಲಿದೆಯೋ ಅಲ್ಲಿ ಅದು ಹುಲುಸು ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು.

ಗೊತ್ತಿದ್ದೂ ಮಾಡಿದ್ದೇನು? 1988ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಈ ಬಗ್ಗೆ ಮೊಕದ್ದಮೆ ಹೂಡಿದ ಮೇಲೆ 1994ರಲ್ಲಿ ರಾಜ್ಯದ ಕಾಯ್ದೆ ಬಂತು. ನೀರಿನ ಶುದ್ಧಿಗೆ ಅದು 2006ರ ಕೊನೆಯ ಗಡುವು ಕೊಟ್ಟಿತು. 2003ರಲ್ಲಿ 10ರ ಮಿತಿ ಅಧಿಕೃತವಾಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಗಡುವನ್ನು 2016ಕ್ಕೆ ತಳ್ಳಿದರು. ಅಳತೆಗೋಲು ಕೊಟ್ಟ ಕೈಯೇ ಅಳೆಯುವ ದಿನವನ್ನು ಮುಂದೂಡಿತು. ಅಷ್ಟರಲ್ಲಿ ಕೆಸರಿನಲ್ಲಿ ಕೂತ ರಂಜಕ, ಹರಿವು ಶುದ್ಧವಾದ ಮೇಲೂ ಜೊಂಡನ್ನು ವರ್ಷಗಟ್ಟಲೆ ಸಾಕಬಲ್ಲದು.

ಹಾಗಾಗಿ ಜಲಾಶಯದ ನೀರು ಬಿಡುವ ಆದೇಶದಲ್ಲೇ 10ರ ಷರತ್ತು ಇರಬೇಕು. ಮೀರಿದರೆ ಖರ್ಚು ಗೊಬ್ಬರ ಹರಿಸಿದವರದ್ದು. ಇದೇನೂ ಹೊಸ ಬೇಡಿಕೆಯಲ್ಲ. ಕೊಳೆ ಮಾಡಿದವರೇ ಮುಖ್ಯವಾಗಿ ದಂಡ ತೆರಬೇಕು ಎಂದು ಫ್ಲಾರಿಡಾದ ಮತದಾರರು 1996ರಲ್ಲೇ ರಾಜ್ಯದ ಸಂವಿಧಾನಕ್ಕೆ ಬರೆಸಿದ್ದಾರೆ. ಶಾಸನಸಭೆ ಕಾಯ್ದೆ ಮಾಡದೆ ಅದು ಜಾರಿಯಾಗದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಆ ಕಾಯ್ದೆ ಬರಲೇ ಇಲ್ಲ. ಜಲಾಶಯಕ್ಕೆ ಐದು ವರ್ಷ ಉಳಿಸಿದೆವೆಂದು ಬೀಗುವವರು ಮೊದಲು ಈ ಬಾಕಿ ತೀರಿಸಲಿ.