ಫೀಲ್ಡಿಗೆ ಕಳಿಸೋದು ಸುಲಭ, ಜೊತೆಗೆ ಹೋಗೋದು?

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಬಳ್ಳಾರಿ ಬಿಸಿಲಿನ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :)

ಮೊನ್ನೆ ಭಾನುವಾರ ಗೆಳೆಯನ ಮಗಳು ಮನೆಗೆ ಬಂದಿದ್ದಳು. ಎಂ.ಡಿ. ಓದ್ತಿದಾಳೆ, ಥೀಸಿಸ್ ಎಚ್ಐವಿ ಬಗ್ಗೆ. ನಾನು ಒಂದು ಕಾಲದಲ್ಲಿ ಸಿರುಗುಪ್ಪ, ಕುರುಗೋಡು ಕಡೆ ಎಚ್ಐವಿ ಸರ್ವೇಗೆ ಪ್ರಶ್ನೆ ಕೇಳೋ ಕೆಲಸ ಮಾಡಿದವನು ಅಂತ ಅವಳಪ್ಪ ಹೇಳಿ ಕಳಿಸಿದ್ದ. ಕೈಯಲ್ಲಿ ಅರವತ್ತು ಪ್ರಶ್ನೆಗಳ ಪಟ್ಟಿ.

"ಮಾಮಾ, ಗೈಡ್ ಸರ್ ನೋಡಿ ಸಹಿ ಹಾಕ್ಯಾರ. ಆದ್ರ ಜನರ ಹತ್ರ ಮಾತು ಹೆಂಗ ಶುರು ಮಾಡಬೇಕು ಅಂತ ಯಾರೂ ಹೇಳಿಲ್ಲ" ಅಂದಳು.

ಪಟ್ಟಿಯಲ್ಲಿ 'ಲಾಸ್ಟ್ ಟು ಫಾಲೋ ಅಪ್' ಅಂತ ಒಂದು ಕಲಂ ಇತ್ತು. ಅಂದ್ರೆ ಮಾತ್ರೆಗೆ ಬರೋದು ಬಿಟ್ಟವರು. ನನಗೆ ಒಬ್ಬ ತಾಯಿ ನೆನಪಾದರು. ಊರ ಹತ್ತಿರದ ರಿಜಿಸ್ಟರಿನಲ್ಲಿ ಅವರು 'ಕಾಣೆ'. ಅಸಲಿಗೆ ಯಾರೂ ಗುರುತು ಹಿಡಿಯದಿರಲಿ ಅಂತ ದೂರದ ಊರಿಗೆ ಬಸ್ಸಲ್ಲಿ ಹೋಗಿ ತಪ್ಪದೆ ಮಾತ್ರೆ ತರುತ್ತಿದ್ದರು! ಇದು ಯಾವ ಅರವತ್ತು ಪ್ರಶ್ನೆಯಲ್ಲೂ ಹೊರಬರಲ್ಲ. ಜೊತೆಗೆ ಕೂತು ಹೇಳಿಕೊಡುವ ಹಿರಿಯರು ಬೇಕು.

ನಮ್ಮ ದೇಶದಲ್ಲಿ ಎಚ್ಐವಿ ಪತ್ತೆಯಾಗಿದ್ದೇ ಒಬ್ಬ ಗುರು, ಒಬ್ಬ ಶಿಷ್ಯೆಯಿಂದ. 1985ರ ಕೊನೆಯಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಈ ವಿಷಯ ಕೊಟ್ಟರು. ನಿರ್ಮಲಾ ಮೊದಲು ಹಿಂಜರಿದರಂತೆ. ಕೊನೆಗೆ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳಿಂದ 80ಕ್ಕೂ ಹೆಚ್ಚು ರಕ್ತದ ಮಾದರಿ ತಂದರು, ಮನೆಯ ಫ್ರಿಜ್ಜಿನಲ್ಲಿ ಇಟ್ಟರು, ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆರು ಪಾಸಿಟಿವ್. ಇಡೀ ದೇಶ ಎಚ್ಚೆತ್ತಿತು. ಆದರೆ ಥೀಸಿಸ್ ಮುಗಿದ ಮೇಲೆ ನಿರ್ಮಲಾ ಲಸಿಕೆ ಕೆಲಸದ ಕಡೆ ಹೋದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ರಕ್ತ ಯಾಕೆ ತಗೋತಿದ್ದಾರೆ ಅಂತ ಆ ಹೆಣ್ಣುಮಕ್ಕಳಿಗೆ ಹೇಳಿರಲಿಲ್ಲ. ಇವತ್ತು ಹಾಗೆ ಮಾಡೋ ಹಾಗಿಲ್ಲ. 2017ರ ಎಚ್ಐವಿ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದೆ. ತಿಳಿಸಿ ಒಪ್ಪಿಗೆ ಪಡೀಬೇಕು, ಗುಟ್ಟು ಕಾಪಾಡಬೇಕು. ಆದರೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋದು ಬೇರೆ, ಒಪ್ಪಿಗೆ ಪಡೆಯೋದು ಬೇರೆ. ಆ ವ್ಯತ್ಯಾಸ ಪುಸ್ತಕದಲ್ಲಿ ಸಿಗಲ್ಲ.

ಬಳ್ಳಾರಿ ಜಿಲ್ಲೆ ಇಂಥ ಅಧ್ಯಯನಗಳಿಗೆ ಹೊಸದೇನಲ್ಲ. 2003ರಲ್ಲಿ ಶುರುವಾದ, ಗೇಟ್ಸ್ ಫೌಂಡೇಶನ್ನಿನ 'ಆವಾಹನ್' ಯೋಜನೆಯಲ್ಲೂ ನಮ್ಮ ಜಿಲ್ಲೆ ಇತ್ತು. ಒಳ್ಳೆ ಕೆಲಸ ಆಗಿದೆ. ಆದರೆ ಪ್ರಶ್ನೆ ಕೇಳಲು ಊರೂರು ಅಲೆದ ನನ್ನ ಗೆಳೆಯರಲ್ಲಿ ಸಂಶೋಧಕರಾದವರು ಒಬ್ಬರೂ ಇಲ್ಲ. ನನ್ನ ತಪ್ಪನ್ನೂ ಹೇಳಿಬಿಡ್ತೀನಿ: ಫಾರಂ ತುಂಬಿಸಿಕೊಂಡು ಬಂದೆನೇ ಹೊರತು, ಅದರಿಂದ ಏನು ತಿಳಿಯಿತು ಅಂತ ಒಂದು ಮನೆಗೂ ವಾಪಸ್ ಹೋಗಿ ಹೇಳಲಿಲ್ಲ. ಹೇಳಬೇಕು ಅಂತ ನನಗೂ ಯಾರೂ ಕಲಿಸಿರಲಿಲ್ಲ.

2025ರಲ್ಲಿ ಅಮೆರಿಕ ತನ್ನ ಯುಎಸ್ಏಡ್ ಸಂಸ್ಥೆಯನ್ನೇ ಮುಚ್ಚಿತು. ಹೊರಗಿನ ದುಡ್ಡು ನಂಬಿ ಕೂರೋ ಕಾಲ ಅಲ್ಲ ಇದು. ಆದರೆ ಕಿರಿಯರ ಜೊತೆ ಒಂದು ದಿನ ಫೀಲ್ಡಿಗೆ ಹೋಗೋದಕ್ಕೆ, ಅವರ ಕರಡನ್ನು ಕೂತು ಓದೋದಕ್ಕೆ, ಅವರು ಮಾಡಿದ ಕೆಲಸಕ್ಕೆ ಅವರ ಹೆಸರನ್ನೇ ಮುಂದೆ ಹಾಕೋದಕ್ಕೆ ಎಷ್ಟು ಗ್ರಾಂಟ್ ಬೇಕು? ಗೈಡ್‌ಗಳಿಗೆ ಪುರುಸೊತ್ತಿಲ್ಲ, ಒಪ್ಪೋಣ. ಹಾಗಿದ್ದರೆ ನಿವೃತ್ತ ನರ್ಸುಗಳು, ಆಪ್ತಸಮಾಲೋಚಕರು, ಸೋಂಕಿನ ಜೊತೆ ವರ್ಷಾನುಗಟ್ಟಲೆ ಬದುಕಿದವರು ಇದ್ದಾರಲ್ಲ, ಅವರೂ ಗುರುಗಳೇ. ಕೇಳಬೇಕಷ್ಟೆ.

ಬರುವ ಶನಿವಾರ ನಾವಿಬ್ಬರೂ ಕುರುಗೋಡಿಗೆ ಹೊರಟಿದ್ದೀವಿ. ನನ್ನದೊಂದೇ ಷರತ್ತು: ಮೊದಲ ದಿನ ಪ್ರಶ್ನೆಪಟ್ಟಿ ಬ್ಯಾಗಿನಿಂದ ಹೊರಗೆ ತೆಗೆಯೋ ಹಾಗಿಲ್ಲ. ಪರಿಚಯದವರ ಮನೆಯಲ್ಲಿ ಚಾ ಕುಡಿದು, ಅವರು ಹೇಳಿದ್ದನ್ನು ಕೇಳಿಸಿಕೊಂಡು ಬರೋದು. "ಹಂಗಾದ್ರ ಥೀಸಿಸ್ ಯಾವಾಗ ಮುಗೀತದ ಮಾಮಾ?" ಅಂತ ಮುಖ ಸಣ್ಣ ಮಾಡಿಕೊಂಡಳು. ಮುಗೀತದ ಬಿಡವ್ವ, ಅಂದೆ.

ನಿಮ್ಮಲ್ಲಿ ಡಾಕ್ಟರಿದ್ದೀರಿ, ಮೇಷ್ಟ್ರಿದ್ದೀರಿ, ಅಂಕಿಸಂಖ್ಯೆ ಬಲ್ಲವರಿದ್ದೀರಿ. ಒಬ್ಬ ಹುಡುಗ, ಒಬ್ಬ ಹುಡುಗಿಯ ಕೈ ಹಿಡೀರಿ ಸಾಕು. ಏನಂತೀರಿ?